ಕಾಲು ಮುರಿದ ಮೇಲೆ: ಪ್ಲಾಸ್ಟರೋ ರಾಡೋ, ಯಾವ ಮಾತ್ರೆ, ವಾಕರೋ ಊರುಗೋಲೋ

ಜೂನ್ ತಿಂಗಳು, ಸಣ್ಣ ಮಳೆ. ಹಾಸನದಲ್ಲಿ ನಮ್ಮ ಮನೆಯ ತಿರುವಿನಲ್ಲೇ ಸ್ಕೂಟರ್ ಜಾರಿ ಎಡಗಾಲಿನ ಮೇಲೆ ಬಿತ್ತು. ಏಳಲು ಹೋದೆ. ಮಂಡಿಗೂ ಹಿಮ್ಮಡಿಗೂ ನಡುವೆ, ಕೀಲೇ ಇಲ್ಲದ ಜಾಗದಲ್ಲಿ ಕಾಲು ಬಾಗಿತು. ಎಕ್ಸ್‌ರೇ ನೋಡಿದರೆ ದೊಡ್ಡ ಮೂಳೆ ಟಿಬಿಯಾ ಎರಡು ತುಂಡು. ಪಕ್ಕದ ತೆಳು ಮೂಳೆ ಫಿಬುಲಾ ಕೂಡ ಮುರಿದಿತ್ತು. ಚರ್ಮ ಮಾತ್ರ ಹರಿದಿರಲಿಲ್ಲ, ಪುಣ್ಯ.

ಅಲ್ಲಿಂದ ಮುಂದೆ ಪ್ರತಿ ಹಂತದಲ್ಲೂ ಯಾರಾದರೂ ಎರಡು ದಾರಿ ತೋರಿಸಿ "ಯಾವುದು ಮಾಡೋಣ?" ಎಂದು ಕೇಳುತ್ತಿದ್ದರು. ಆಪರೇಷನ್ನಾ, ಪ್ಲಾಸ್ಟರಾ. ಈ ಮಾತ್ರೆ ಸಾಕಾ, ಇನ್ನೂ ಜೋರಾದದ್ದು ಬೇಕಾ. ನೋವಿನಲ್ಲಿ ಮಲಗಿದವರಿಗೆ ಯೋಚಿಸುವ ಶಕ್ತಿ ಇರುವುದಿಲ್ಲ. ಹೊರಗೆ ನಿಂತ ಮನೆಯವರಿಗೆ ಗಾಬರಿ. ಆ ಹೊತ್ತಿಗೆ ಕೈಯಲ್ಲಿ ಇಂಥದ್ದೊಂದು ಬರಹ ಇದ್ದಿದ್ದರೆ ನಮಗೆ ಎಷ್ಟೋ ಸಲೀಸಾಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಲಿತ ಅಳತೆಗೋಲು ಒಂದೇ. ಯಾವ ಆಯ್ಕೆ ಬಂದರೂ ಹೀಗೆ ಕೇಳಿಕೊಳ್ಳಿ: ಇದರಿಂದ ನಾನು ಎಷ್ಟು ಬೇಗ, ಅಪಾಯ ಇಲ್ಲದೆ, ಕಾಲು ಆಡಿಸಬಹುದು? ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ, ಅದಕ್ಕೆ ಅದರದೇ ಸಮಯ ಬೇಕು. ಅಷ್ಟರಲ್ಲಿ ಕೀಲು ಬಿಗಿದುಕೊಳ್ಳುತ್ತದೆ, ತೊಡೆ ಸೊರಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಮನುಷ್ಯ ಸೋಲುವುದು ಹೆಚ್ಚಾಗಿ ಅಲ್ಲಿ.

ನಾಟಿ ಕಟ್ಟು, ಪ್ಲಾಸ್ಟರ್, ರಾಡ್

ಆಸ್ಪತ್ರೆ ತಲುಪುವ ಮೊದಲೇ ಮೂರು ಜನ "ಪುತ್ತೂರು ಕಟ್ಟು ಹಾಕಿಸಿ, ಕೊಯ್ಯಿಸಬೇಡಿ" ಎಂದರು. ಇದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ತಿರುಪತಿ ಕಡೆಯ ಪುತ್ತೂರು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಮೇಲೆ ಬಟ್ಟೆ. ಅದೇ ಹೆಸರಿನ ಬೋರ್ಡು ಕರ್ನಾಟಕದ ಊರೂರಲ್ಲೂ ಇದೆ. ಮೂಳೆ ಬಿರುಕು ಬಿಟ್ಟಿದ್ದು ಜಾಗ ಬಿಟ್ಟು ಸರಿಯದಿದ್ದರೆ, ಯಾವ ಕಟ್ಟು ಹಾಕಿದರೂ ಅಲ್ಲಾಡದೆ ಇದ್ದರೆ ಸಾಕು, ಅದು ಕೂಡುತ್ತದೆ. ಆ ಕಟ್ಟಿನಿಂದ ವಾಸಿಯಾದವರು ಸುಳ್ಳು ಹೇಳುತ್ತಿಲ್ಲ. ಆದರೆ ತುಂಡುಗಳು ಸರಿದಿದ್ದರೆ ಕೈಯಿಂದ ಮುಟ್ಟಿ ಎಲ್ಲವೂ ಗೊತ್ತಾಗುವುದಿಲ್ಲ. ಹೊಸ ಗಾಯ ಊದುತ್ತಾ ಹೋಗುತ್ತದೆ, ದಬ್ಬೆಯ ಕಟ್ಟು ಬಿಗಿಯಾಗುತ್ತದೆ, ರಕ್ತ ಓಡಾಟ ನಿಂತರೆ ಕಾಲನ್ನೇ ತೆಗೆಯಬೇಕಾದೀತು. ಮುರಿದ ಜಾಗಕ್ಕೆ ಎಣ್ಣೆ ಹಾಕಿ ನೀವುವುದಂತೂ ಬೇಡವೇ ಬೇಡ. ಮೊಣಕೈ ಸುತ್ತ ಹಾಗೆ ತಿಕ್ಕಿಸಿಕೊಂಡರೆ ಮಾಂಸದೊಳಗೆ ಮೂಳೆ ಬೆಳೆದು ಕೈ ಮಡಚಲು ಬಾರದೆ ಹೋಗಬಹುದು. ನಾಟಿ ವೈದ್ಯರ ಮೇಲೆ ನಂಬಿಕೆ ಇದ್ದರೂ ಸರಿ, ಮೊದಲು ಎಕ್ಸ್‌ರೇ ಆಗಲಿ. ಚರ್ಮ ಹರಿದು ಮೂಳೆ ಅಥವಾ ರಕ್ತ ಹೊರಗೆ ಕಂಡರೆ ಯೋಚನೆಯೇ ಬೇಡ. ಆಂಟಿಬಯಾಟಿಕ್ ಮತ್ತು ಟೆಟನಸ್ ಇಂಜೆಕ್ಷನ್ ಸಿಗುವ ಆಸ್ಪತ್ರೆಗೆ ನೇರವಾಗಿ ಓಡಿ.

ಆಸ್ಪತ್ರೆಯ ಒಳಗೆ ನನ್ನ ಮುಂದಿದ್ದದ್ದು ಎರಡು ದಾರಿ.

ಪ್ಲಾಸ್ಟರ್ ಹಾಕಿದರೆ ಕೊಯ್ಯಬೇಕಾಗಿಲ್ಲ, ಒಳಗೆ ಸೋಂಕಿನ ಭಯವಿಲ್ಲ, ಖರ್ಚು ಕಡಿಮೆ. ಆದರೆ ಕಣಕಾಲಿನ ಮೂಳೆಗೆ ತೊಡೆಯಿಂದ ಪಾದದವರೆಗೆ ಹಾಕುತ್ತಾರೆ. ಮಂಡಿಯೂ ಪಾದದ ಕೀಲೂ ವಾರಗಟ್ಟಲೆ ಬಂದ್. ಆಮೇಲೆ ಮಂಡಿಯ ಕೆಳಗಿನ ಗಿಡ್ಡ ಪ್ಲಾಸ್ಟರ್. ಒಟ್ಟು ನಾಲ್ಕೈದು ತಿಂಗಳು ಹಿಡಿಯಬಹುದು. ಮೊದಲ ಮೂರ್ನಾಲ್ಕು ವಾರ ಊತ ಇಳಿದಂತೆ ಪ್ಲಾಸ್ಟರ್ ಸಡಿಲವಾಗಿ ಮೂಳೆ ಒಳಗೇ ಸರಿಯಬಹುದು. ಅದಕ್ಕೇ ಮತ್ತೆ ಮತ್ತೆ ಎಕ್ಸ್‌ರೇ ತೆಗೆಸಬೇಕು.

ರಾಡ್ ಎಂದರೆ ಮಂಡಿಯ ಬಳಿ ಸಣ್ಣದಾಗಿ ಕೊಯ್ದು, ಮೂಳೆಯ ಟೊಳ್ಳಿನೊಳಗೆ ಲೋಹದ ಸರಳು ಇಳಿಸಿ, ಮೇಲೆ ಕೆಳಗೆ ಸ್ಕ್ರೂ ಹಾಕುವುದು. ಈ ವಿಧಾನವನ್ನು ಮೊದಲು ರೂಢಿಗೆ ತಂದವರು ಜರ್ಮನಿಯ ಡಾಕ್ಟರ್ ಗೆರ್ಹಾರ್ಡ್ ಕುಂಚರ್, 1940ರ ಸುಮಾರಿಗೆ. ಮುರಿದ ತೊಡೆಯೊಂದಿಗೆ ತಿಂಗಳುಗಟ್ಟಲೆ ಮಲಗಬೇಕಿದ್ದವರು ಕೆಲವೇ ವಾರದಲ್ಲಿ ಎದ್ದು ಓಡಾಡಿದ್ದನ್ನು ಕಂಡು ಆ ಕಾಲದ ಡಾಕ್ಟರುಗಳೇ ನಂಬಲಿಲ್ಲವಂತೆ. ಇದರ ಲಾಭ ಒಂದೇ ಮಾತಿನಲ್ಲಿ: ಮಾರನೇ ದಿನವೇ ಮಂಡಿಯನ್ನೂ ಪಾದವನ್ನೂ ಆಡಿಸಬಹುದು. ತೊಂದರೆಯೂ ಇದೆ. ಅರಿವಳಿಕೆ, ಸೋಂಕಿನ ಸಾಧ್ಯತೆ, ಖರ್ಚು. ಜೊತೆಗೆ ಎಷ್ಟೋ ಜನಕ್ಕೆ ಮಂಡಿಯ ಮುಂಭಾಗದಲ್ಲಿ ನೋವು ಉಳಿದುಬಿಡುತ್ತದೆ. ಇದನ್ನು ಆಪರೇಷನ್‌ಗೆ ಮೊದಲೇ ಕೇಳಿ ತಿಳಿದುಕೊಳ್ಳಿ.

ನನ್ನ ಮೂಳೆ ಸರಿದಿತ್ತು, ಓರೆಯಾಗಿ ಮುರಿದಿತ್ತು, ಮನೆಯಲ್ಲಿ ಆರು ವರ್ಷದ ಮಗ. ರಾಡ್ ಹಾಕಿಸಿಕೊಂಡೆ. ಮೂಳೆ ಜಾಗ ಬಿಟ್ಟು ಕದಲಿಲ್ಲ ಎಂದಾಗಿದ್ದರೆ ಖಂಡಿತ ಪ್ಲಾಸ್ಟರ್ ಆರಿಸುತ್ತಿದ್ದೆ. ಕೀಲಿನ ಹತ್ತಿರ ಮುರಿದವರಿಗೆ ಹೆಚ್ಚಾಗಿ ಪ್ಲೇಟ್, ಅಂದರೆ ಸ್ಕ್ರೂ ಹಾಕಿ ಕೂರಿಸುವ ಲೋಹದ ಪಟ್ಟಿ, ಬೇಕಾಗುತ್ತದೆ. ಮಾಂಸ ಹೋಗಿ, ಮೂಳೆಯ ತುಂಡೂ ಹೋಗಿದ್ದರೆ ಹೊರಗಿನಿಂದ ಉಂಗುರಗಳನ್ನು ಜೋಡಿಸುವ ಇಲಿಜರೋವ್ ವಿಧಾನ ಇದೆ. ಅಲ್ಲಿ ಆಯ್ಕೆ ನಮ್ಮದಲ್ಲ, ಗಾಯದ್ದು.

ಹಣದ ವಿಷಯ ಒಂದು ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಭಾಗ. ದಾಖಲಾಗುವಾಗಲೇ ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ತಡವಾಗಿರುತ್ತದೆ.

ನೋವಿನ ಮಾತ್ರೆ: ಯಾವುದು, ಯಾವಾಗ

ನಮ್ಮಲ್ಲಿ ಎರಡು ಬಗೆಯ ಜನ. ಒಬ್ಬರು "ಮಾತ್ರೆ ಜಾಸ್ತಿ ಆದರೆ ಕಿಡ್ನಿ ಹೋಗುತ್ತೆ" ಎಂದು ಹಲ್ಲು ಕಚ್ಚಿ ಮಲಗುತ್ತಾರೆ. ಇನ್ನೊಬ್ಬರು ನೋವು ಪೂರ್ತಿ ಹೋಗಲಿ ಎಂದು ಮೆಡಿಕಲ್ ಅಂಗಡಿಯಿಂದ ಸಿಕ್ಕಿದ್ದನ್ನೆಲ್ಲಾ ನುಂಗುತ್ತಾರೆ. ನಾನು ಮೊದಲನೇ ಗುಂಪಿನವಳು. ಆಪರೇಷನ್ ಆದ ಎರಡನೇ ದಿನ ಮಾತ್ರೆ ಬೇಡ ಎಂದೆ. ವ್ಯಾಯಾಮ ಮಾಡಿಸುವ ಫಿಸಿಯೋ ಬಂದು ಮಂಡಿ ಮಡಚಿ ಎಂದಾಗ ಒಂದಿಂಚೂ ಮಡಚಲಾಗಲಿಲ್ಲ. ಆಕೆ ಸಿಟ್ಟಾಗಲಿಲ್ಲ. "ಮಾತ್ರೆ ನೀವು ಮಲಗೋಕೆ ಕೊಡೋದಲ್ಲ ಅಮ್ಮಾ, ಏಳೋಕೆ ಕೊಡೋದು" ಎಂದರು. ಆ ಮಾತು ನನ್ನ ಯೋಚನೆಯನ್ನೇ ಬದಲಿಸಿತು.

ಮೊದಲ ಕೆಲವು ದಿನ ನೋವು ಏರುವವರೆಗೆ ಕಾಯಬೇಡಿ. ಗಂಟೆ ನೋಡಿ ತೆಗೆದುಕೊಳ್ಳಿ. ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಒಂದು ಡೋಸ್ ಬರುವಂತೆ ಹೊಂದಿಸಿಕೊಳ್ಳಿ. ಡಾಕ್ಟರ್ ನೋವಿಗೆ 10ರಲ್ಲಿ ಎಷ್ಟು ಎಂದು ಕೇಳುತ್ತಾರೆ. ಸೊನ್ನೆ ಆಗುವುದಿಲ್ಲ. ಕಾಲು ಆಡಿಸಲು, ರಾತ್ರಿ ನಾಲ್ಕು ಗಂಟೆ ನಿದ್ದೆ ಮಾಡಲು ಆದರೆ ಅಷ್ಟು ಸಾಕು.

ಎಲ್ಲದಕ್ಕೂ ಬುನಾದಿ ಪ್ಯಾರಾಸಿಟಮಾಲ್. ನಮಗೆಲ್ಲ ಗೊತ್ತಿರುವ ಡೋಲೋ 650 ಇದೇ. ಇಷ್ಟು ದೊಡ್ಡ ನೋವಿಗೆ ಜ್ವರದ ಮಾತ್ರೆನಾ ಎಂದು ತಾತ್ಸಾರ ಬೇಡ. ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಬೇರೆ ಮಾತ್ರೆಗಳ ಅಗತ್ಯವನ್ನೇ ಇದು ಇಳಿಸುತ್ತದೆ. ಹೊಟ್ಟೆಗೆ, ಕಿಡ್ನಿಗೆ ಹಗುರ. ಅಪಾಯ ಇರುವುದು ಲಿವರ್‌ಗೆ, ಅದೂ ಮಿತಿ ಮೀರಿದರೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ತೂಕ 50 ಕೆಜಿಗಿಂತ ಕಡಿಮೆ ಇದ್ದವರಿಗೆ, ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ.

ಇಲ್ಲಿ ನಮ್ಮ ಮನೆಯಲ್ಲೇ ಆದ ತಪ್ಪು ಹೇಳುತ್ತೇನೆ. ಆಸ್ಪತ್ರೆಯವರು 650 ದಿನಕ್ಕೆ ನಾಲ್ಕು ಬರೆದಿದ್ದರು. ಮನೆಗೆ ಬಂದ ಮೇಲೆ ಬೇರೊಂದು ಕ್ಲಿನಿಕ್‌ನಲ್ಲಿ ಅಸಿಕ್ಲೋಫೆನಾಕ್ ಮಾತ್ರೆ ಎರಡು ಹೊತ್ತಿಗೆ ಕೊಟ್ಟರು. ಹೆಸರಿನ ಕೊನೆಗೆ "ಪಿ" ಎಂದಿತ್ತು. ಆ ಪಿ ಅಂದರೆ ಪ್ಯಾರಾಸಿಟಮಾಲ್, ಒಂದೊಂದರಲ್ಲೂ 325 ಮಿಲಿಗ್ರಾಂ. ನಾನಿದ್ದದ್ದು 46 ಕೆಜಿ. ಐದು ದಿನ ಯಾರಿಗೂ ಗೊತ್ತಾಗದೆ ನನ್ನ ಮಿತಿ ಮೀರುತ್ತಿತ್ತು. ಸ್ಟ್ರಿಪ್‌ನ ಹಿಂದಿನ ಸಣ್ಣ ಅಕ್ಷರ ಓದಿದ್ದು ನನ್ನ ತಮ್ಮ. ದಯವಿಟ್ಟು ಓದಿ. ಹಳೆಯ ಚೀಟಿ, ಹಳೆಯ ಸ್ಟ್ರಿಪ್ ಎರಡನ್ನೂ ಹೊಸ ಡಾಕ್ಟರಿಗೆ ತೋರಿಸಿ.

ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಊತವನ್ನೂ ನೋವನ್ನೂ ಒಟ್ಟಿಗೆ ಇಳಿಸುತ್ತವೆ. ಊದಿದ ಕಾಲಿಗೆ ಪ್ಯಾರಾಸಿಟಮಾಲ್‌ಗಿಂತ ಚೆನ್ನಾಗಿ ಕೆಲಸ ಮಾಡಿದವು, ಸುಳ್ಳಲ್ಲ. ಆದರೆ ಹೊಟ್ಟೆಯಲ್ಲಿ ಹುಣ್ಣು ಆಗಿದ್ದವರು, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರು, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬಿಪಿ, ಅಸ್ತಮಾ ಇದ್ದವರೂ ಹೇಳಿಯೇ ತೆಗೆದುಕೊಳ್ಳಬೇಕು. ಮೂಳೆ ಕೂಡುವುದನ್ನು ಇವು ನಿಧಾನ ಮಾಡುತ್ತವೆಯೇ ಎಂಬ ಬಗ್ಗೆ ಡಾಕ್ಟರುಗಳಲ್ಲೇ ಎರಡು ಮಾತಿದೆ. ಕೆಲವು ದಿನಕ್ಕೆ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ತಿಂಗಳುಗಟ್ಟಲೆ ನುಂಗುವುದು ಬೇಡ.

ಟ್ರಮಡಾಲ್ ಜೋರಾದ ಮಾತ್ರೆ. 2018ರಿಂದ ಮಾದಕ ವಸ್ತು ಕಾಯ್ದೆಯ ಕೆಳಗೆ ಬಂದಿದೆ, ಚೀಟಿ ಇಲ್ಲದೆ ಕೊಡುವಂತಿಲ್ಲ. ಆಪರೇಷನ್ ಆದ ಹೊಸತರಲ್ಲಿ ನಾಲ್ಕೈದು ದಿನ ಡಾಕ್ಟರ್ ಹೇಳಿದಷ್ಟು ತೆಗೆದುಕೊಂಡರೆ ಚಟ ಹಿಡಿಯುತ್ತದೆಂದು ಹೆದರಬೇಕಿಲ್ಲ. ನನಗೆ ಇದರಿಂದ ತಲೆ ಸುತ್ತಿತು, ವಾಂತಿ ಬಂದಂತಾಯಿತು, ನಾಲ್ಕು ದಿನ ಮಲವಿಸರ್ಜನೆ ಆಗಲಿಲ್ಲ. ಮುರಿದ ಕಾಲಿಟ್ಟುಕೊಂಡು ತಿಣುಕುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಟ್ರಮಡಾಲ್ ಶುರು ಮಾಡಿದ ದಿನವೇ ಮಲ ಸಡಿಲಾಗುವ ಔಷಧಿಯನ್ನೂ ಕೇಳಿ. ಫಿಟ್ಸ್ ಇದ್ದವರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ನಿದ್ದೆ ಮಾತ್ರೆ, ಕುಡಿತ ಜೊತೆಗೆ ಕೂಡದು.

ಉರಿ, ಕರೆಂಟ್ ಹೊಡೆದಂತೆ, ಇರುವೆ ಹರಿದಂತೆ ಆದರೆ ಅದು ನರದ ನೋವು. ಮೇಲಿನ ಮಾತ್ರೆಗಳು ಅದಕ್ಕೆ ಅಷ್ಟಾಗಿ ತಾಗುವುದಿಲ್ಲ, ಬೇರೆಯೇ ಔಷಧಿ ಇದೆ. ಡಾಕ್ಟರಿಗೆ ಬರೀ "ನೋವು" ಎನ್ನಬೇಡಿ. ಹೇಗಿದೆ ಎಂದು ಬಿಡಿಸಿ ಹೇಳಿ.

ಐಸ್ ಮತ್ತು ಬಿಸಿಯಲ್ಲಿ ಹೊಸ ಗಾಯಕ್ಕೆ ಐಸ್. ಬಟ್ಟೆಯಲ್ಲಿ ಸುತ್ತಿ 15 ನಿಮಿಷ. ಬಿಸಿ ಶಾಖ ವಾರಗಳ ನಂತರ, ಬಿಗಿದ ಸ್ನಾಯುವಿಗೆ.

ಈ ನೋವಿಗೆ ಮಾತ್ರೆ ಹುಡುಕಬೇಡಿ

ಇದನ್ನು ಮಾತ್ರ ಎರಡು ಸಲ ಓದಿ. ಮಾತ್ರೆ ಕೊಟ್ಟ ಮೇಲೂ ನೋವು ಗಂಟೆ ಗಂಟೆಗೆ ಏರುತ್ತಿದೆ, ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿದೆ, ಯಾರಾದರೂ ಕಾಲ ಬೆರಳನ್ನು ಮೆಲ್ಲಗೆ ಮೇಲಕ್ಕೆ ಎಳೆದರೆ ಪ್ರಾಣ ಹೋದಂತಾಗುತ್ತದೆ ಎಂದರೆ, ಊದಿದ ಸ್ನಾಯುವಿನೊಳಗೆ ಒತ್ತಡ ಏರಿ ರಕ್ತ ಹೋಗುತ್ತಿಲ್ಲ ಎಂದರ್ಥ. ಇದು ಗಂಟೆಗಳ ಲೆಕ್ಕ. ಬೆಳಗ್ಗೆವರೆಗೆ ಕಾದರೆ ಸ್ನಾಯು ಸಾಯುತ್ತದೆ. ಪ್ಲಾಸ್ಟರ್ ಇದ್ದರೆ ಒಡನೆ ಬಿಡಿಸಬೇಕು, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಬೇಕು. ಟಿಬಿಯಾ ಮುರಿದವರಲ್ಲಿ ಈ ಅಪಾಯ ಹೆಚ್ಚು. ನಮ್ಮ ವಾರ್ಡಿನ ನರ್ಸ್ ಮೊದಲ ರಾತ್ರಿ ಗಂಟೆಗೊಮ್ಮೆ ಬಂದು ನನ್ನ ಹೆಬ್ಬೆರಳನ್ನು ಎಳೆದು ಮುಖ ನೋಡುತ್ತಿದ್ದರು. ಸುಮ್ನೆ ನಿದ್ದೆ ಕೆಡಿಸುತ್ತಾರೆ ಎಂದುಕೊಂಡಿದ್ದೆ. ಏಕೆಂದು ಆಮೇಲೆ ತಿಳಿಯಿತು.

ವಾರಗಳು ಕಳೆದ ಮೇಲೆ ಮೀನಖಂಡ ಹೊಸದಾಗಿ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು ಬರುವುದು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಜ್ವರ ಬಂದು ಗಾಯದಿಂದ ಕೀವು ಬಂದರೂ ಕಾಯಬೇಡಿ.

ವಯಸ್ಸಾದವರ ಸೊಂಟ ಮುರಿದರೆ

ಇಲ್ಲಿ ಲೆಕ್ಕವೇ ಬೇರೆ. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಗೆ "ಈ ವಯಸ್ಸಲ್ಲಿ ಆಪರೇಷನ್ ಬೇಡ, ಮಲಗಿರಲಿ" ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ತೊಡೆಯ ಮೇಲಿನ ತುದಿ ಮುರಿದಾಗ ವಾರಗಟ್ಟಲೆ ಮಲಗಿಸುವುದೇ ಹೆಚ್ಚು ಅಪಾಯ. ಬೆನ್ನಿಗೆ ಹುಣ್ಣು, ನ್ಯುಮೋನಿಯಾ, ಹೆಪ್ಪುಗಟ್ಟಿದ ರಕ್ತ, ಎಲ್ಲಕ್ಕಿಂತ ಮೇಲೆ ಪ್ರತಿ ಸಲ ಮಗ್ಗುಲು ಬದಲಿಸಿದಾಗ ಆ ನೋವು. ಹೃದಯ, ಶ್ವಾಸಕೋಶ ತಡೆದುಕೊಳ್ಳುವಂತಿದ್ದರೆ ಒಂದೆರಡು ದಿನದೊಳಗೆ ಆಪರೇಷನ್ ಮಾಡಿ ಮಾರನೇ ದಿನ ನಿಲ್ಲಿಸುವುದೇ ಇಂದಿನ ಪದ್ಧತಿ. ಆಪರೇಷನ್‌ಗೆ ಕಾಯುವಾಗ ನೋವು ತಿಳಿಯದಂತೆ ತೊಡೆಸಂದಿಯ ಹತ್ತಿರ ನರಕ್ಕೆ ಕೊಡುವ ಬ್ಲಾಕ್ ಇಂಜೆಕ್ಷನ್ ಇದೆಯೇ ಎಂದು ಕೇಳಿ. ಟ್ರಮಡಾಲ್ ಕೊಟ್ಟರೆ ವಯಸ್ಸಾದವರು ಗೊಂದಲಕ್ಕೆ ಬಿದ್ದು ಮಕ್ಕಳನ್ನೇ ಗುರುತಿಸದೆ ಹೋಗಬಹುದು. ಬ್ಲಾಕ್‌ನಲ್ಲಿ ಆ ಕಾಟ ಕಡಿಮೆ.

ಇನ್ನೊಂದು. ನಿಂತಲ್ಲೇ ಬಿದ್ದು ಸೊಂಟ ಮುರಿಯಿತೆಂದರೆ ಮೂಳೆ ಸವೆದಿದೆ ಎಂದೇ ತಿಳಿಯಿರಿ. ಅದಕ್ಕೆ ವಾರಕ್ಕೊಂದು ಮಾತ್ರೆಯಾಗಿಯೋ ವರ್ಷಕ್ಕೊಂದು ಇಂಜೆಕ್ಷನ್ ಆಗಿಯೋ ಔಷಧಿ ಇದೆ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ. ನೀವೇ ನೆನಪಿಸಿ.

ವಾಕರ್, ಊರುಗೋಲು, ಕೋಲು

ಮೊದಲ ಸಲ ಮಂಚದ ಅಂಚಿಗೆ ಕೂತು ಕಾಲು ಇಳಿಬಿಟ್ಟಾಗ ಹೆದರಿಕೆಯಾಯಿತು. ಪಾದ ನೇರಳೆ ಬಣ್ಣಕ್ಕೆ ತಿರುಗಿತು. ರಕ್ತವೆಲ್ಲ ಒಮ್ಮೆಗೇ ಇಳಿದು ಕಾಲು ಸಿಡಿಯುತ್ತದೇನೋ ಎನಿಸಿತು. ಎರಡು ನಿಮಿಷ ಕೂತು ಮತ್ತೆ ಮೇಲಿಟ್ಟೆ. ಬಣ್ಣ ಮರಳಿತು. ದಿನಕ್ಕೆ ಐದಾರು ಸಲ ಹೀಗೆ ಮಾಡಿದ ಮೇಲೆ ನಾಲ್ಕನೇ ದಿನಕ್ಕೆ ನಿಂತೆ.

ಆಮೇಲೆ ಪ್ರಶ್ನೆ, ಯಾವುದನ್ನು ಹಿಡಿಯುವುದು? ವಾಕರ್ ಗಟ್ಟಿ, ಬೀಳುವ ಭಯ ಕಡಿಮೆ. ವಯಸ್ಸಾದವರಿಗೆ, ತಲೆ ಸುತ್ತುವವರಿಗೆ ಅದೇ ಸರಿ. ಆದರೆ ಮೆಟ್ಟಿಲಿಗೆ ಆಗುವುದಿಲ್ಲ, ನಮ್ಮ ಹಳೇ ಮನೆಗಳ ಹೊಸ್ತಿಲು, ಇಕ್ಕಟ್ಟಾದ ಬಚ್ಚಲ ಬಾಗಿಲು ದಾಟುವುದಿಲ್ಲ. ಕೊಳ್ಳುವ ಮೊದಲು ಬಾಗಿಲು ಅಳೆಯಿರಿ. ಕಂಕುಳ ಊರುಗೋಲು ಮೆಟ್ಟಿಲಿಗೂ ಬರುತ್ತದೆ, ವೇಗವೂ ಹೌದು, ಆದರೆ ತೋಳಿನ ಶಕ್ತಿ ಬೇಕು. ಅದರ ಮೇಲ್ತುದಿ ಕಂಕುಳಿಂದ ಎರಡು ಮೂರು ಬೆರಳು ಕೆಳಗಿರಬೇಕು. ಭಾರ ಅಂಗೈ ಮೇಲೆ. ಕಂಕುಳಲ್ಲಿ ಜೋತುಬಿದ್ದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೊನೆಗೆ ಒಂದೇ ಕೋಲಿಗೆ ಬಂದಾಗ ಅದು ಇರಬೇಕಾದದ್ದು ಒಳ್ಳೆ ಕಾಲಿನ ಕಡೆಯ ಕೈಯಲ್ಲಿ. ನಮ್ಮಲ್ಲಿ ಹತ್ತರಲ್ಲಿ ಎಂಟು ಜನ ತಿರುವುಮುರುವು ಹಿಡಿದಿರುತ್ತಾರೆ ಎನಿಸುತ್ತದೆ.

"20 ಕೆಜಿ ಭಾರ ಮಾತ್ರ ಹಾಕಿ" ಎಂದು ಚೀಟಿಯಲ್ಲಿ ಬರೆದಿದ್ದರು. 20 ಕೆಜಿ ಎಂದರೆ ಎಷ್ಟು ಒತ್ತುವುದು? ಮನೆಯಲ್ಲಿದ್ದ ತೂಕದ ಯಂತ್ರ ನೆಲಕ್ಕಿಟ್ಟು, ವಾಕರ್ ಹಿಡಿದು, ನೋವಿನ ಕಾಲನ್ನು ಅದರ ಮೇಲಿಟ್ಟು ಮುಳ್ಳು 20ಕ್ಕೆ ಬರುವವರೆಗೆ ಒತ್ತಿದೆ. ಕಣ್ಣು ಮುಚ್ಚಿ ಮತ್ತೊಮ್ಮೆ. ಮಗ ಮುಳ್ಳು ನೋಡಿ "ಹದಿನೆಂಟು, ಇಪ್ಪತ್ತೈದು, ಅಮ್ಮಾ ಜಾಸ್ತಿ" ಎನ್ನುತ್ತಿದ್ದ. ಎರಡು ದಿನದಲ್ಲಿ ಕಾಲಿಗೇ ತೂಕ ಗೊತ್ತಾಯಿತು.

ಇಂಡಿಯನ್ ಟಾಯ್ಲೆಟ್ ಇರುವ ಮನೆಗೆ ಕಮೋಡ್ ಕುರ್ಚಿ ಮೊದಲೇ ತರಿಸಿ. ಈ ವಿಷಯದಲ್ಲಿ ಬೇರೆ ಆಯ್ಕೆ ಇಲ್ಲ.

ಫಿಸಿಯೋ ಮನೆಗೋ, ನಾವು ಅಲ್ಲಿಗೋ

ಮನೆಗೆ ಬರುವವರಿಂದ ಮೊದಲ ಮೂರು ನಾಲ್ಕು ವಾರ ಅನುಕೂಲ. ನಿಮ್ಮ ಮಂಚ, ನಿಮ್ಮ ಬಚ್ಚಲು ನೋಡಿ ಅಲ್ಲಿಗೆ ತಕ್ಕಂತೆ ಹೇಳಿಕೊಡುತ್ತಾರೆ. ನಡೆಯಲು ಶುರುವಾದ ಮೇಲೆ ಸೆಂಟರ್ ಒಳ್ಳೆಯದು. ಸೈಕಲ್, ಹಿಡಿದು ನಡೆಯುವ ಕಂಬಿ ಇರುತ್ತದೆ. ಬೇರೆಯವರು ಏಳುವುದನ್ನು ಕಂಡು ಧೈರ್ಯವೂ ಬರುತ್ತದೆ.

ನಾನು ಮೊದಲು ಹೋದ ಕಡೆ ದಿನವೂ 20 ನಿಮಿಷ ಯಂತ್ರದ ಕರೆಂಟ್ ಕೊಟ್ಟು, ಹಿತವಾದ ಬಿಸಿ ಕೊಟ್ಟು ಕಳಿಸುತ್ತಿದ್ದರು. ಹತ್ತು ದಿನಕ್ಕೂ ಪಾದ ಒಂದಿಷ್ಟೂ ಮೇಲಕ್ಕೆ ಬರಲಿಲ್ಲ. ಜಾಗ ಬದಲಿಸಿದೆ. ಹೊಸಬರು ಒಂದು ಹಳೇ ಟವೆಲ್ ಕೇಳಿದರು. ಕಾಲು ಚಾಚಿ ಕೂತು, ಪಾದದ ಉಬ್ಬಿಗೆ ಟವೆಲ್ ಸುತ್ತಿ, ಎರಡು ತುದಿ ಹಿಡಿದು ನನ್ನ ಕಡೆಗೆ ಎಳೆದು ಮೂವತ್ತು ಎಣಿಸುವುದು. ಹಿಮ್ಮಡಿಯ ಹಿಂದಿನ ನರ ಹರಿಯುತ್ತದೇನೋ ಎನ್ನುವಂಥ ಎಳೆತ. ದಿನಕ್ಕೆ ನಾಲ್ಕು ಹೊತ್ತು. ಎರಡು ವಾರಕ್ಕೆ ಪಾದ ಕಾಲಿಗೆ ಲಂಬವಾಗಿ ನಿಂತಿತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ನಿಮ್ಮನ್ನು ಬೆವರಿಸದೆ ಕಳಿಸುವ ಫಿಸಿಯೋಗೆ ದುಡ್ಡು ಕೊಡಬೇಡಿ. ದಿನಾ ಹೋಗಲು ಆಗದವರು ವಾರಕ್ಕೆ ಎರಡು ಸಲ ಹೋಗಿ ಕಲಿತು, ಉಳಿದದ್ದನ್ನು ಮನೆಯಲ್ಲಿ ಮಾಡಿದರೂ ಆದೀತು.

ವ್ಯಾಯಾಮದ ನಂತರ ನೋವು ಬರುತ್ತದೆ. ಒಂದೆರಡು ಗಂಟೆಯಲ್ಲಿ ಇಳಿದರೆ ಸರಿ ದಾರಿ. ಮಾರನೇ ಬೆಳಗ್ಗೆಯೂ ಹಾಗೇ ಇದ್ದು ಊತ ಏರಿದ್ದರೆ ಅಂದು ಅರ್ಧ ಮಾಡಿ.

ಊಟದಲ್ಲಿ

ನಂಜು ಎಂದು ಬೇಳೆ, ಮೊಟ್ಟೆ, ಬದನೆಕಾಯಿ ಎಲ್ಲ ಬಿಡಿಸಿ ಗಂಜಿ ಕೊಡುವ ಮನೆಗಳಿವೆ. ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ. ಬೇಳೆ, ಮೊಟ್ಟೆ ಬಿಟ್ಟರೆ ಇದೆ. ಗಾಯ ಮಾಯಲು, ಸೊರಗಿದ ತೊಡೆ ತುಂಬಲು ಪ್ರೋಟೀನ್ ಬೇಕು. ಕಾಲುಸೂಪ್ ಕುಡಿಯಿರಿ, ಬಾಯಿಗೆ ಹಿತ. ಕ್ಯಾಲ್ಸಿಯಂ ಬೇಕೆಂದರೆ ರಾಗಿಯೇ ವಾಸಿ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನೇ ತಡಮಾಡುತ್ತವೆ. ಬಿಡಲು ಇದಕ್ಕಿಂತ ಒಳ್ಳೆ ಕಾರಣ ಬೇಡ.

ಕೂಡಿದ ಮೇಲೆ ರಾಡ್ ತೆಗೆಸುವುದಾ?

ಐದನೇ ತಿಂಗಳ ಎಕ್ಸ್‌ರೇಯಲ್ಲಿ ಮುರಿದ ಗೆರೆಯ ಸುತ್ತ ಮೋಡದಂತೆ ಹೊಸ ಮೂಳೆ ಕಂಡಿತು. ಕೋಲು ಬಿಟ್ಟೆ. ಆಗ ಕೊನೆಯ ಆಯ್ಕೆ ಬಂತು. ತೊಂದರೆ ಕೊಡದಿದ್ದರೆ ರಾಡ್ ಒಳಗೇ ಇರಬಹುದು, ಜೀವನಪೂರ್ತಿ ಇಟ್ಟುಕೊಂಡವರಿದ್ದಾರೆ. ತೆಗೆಸುವುದಾದರೆ ಮೂಳೆ ಪೂರ್ತಿ ಗಟ್ಟಿಯಾಗಲಿ ಎಂದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯುತ್ತಾರೆ. ಅದೂ ಇನ್ನೊಂದು ಆಪರೇಷನ್ನೇ. ತೆಗೆಸಿದರೂ ಮಂಡಿ ನೋವು ಹೋಗಿಯೇ ಹೋಗುತ್ತದೆ ಎಂದು ಯಾರೂ ಮಾತು ಕೊಡುವುದಿಲ್ಲ.

ನನ್ನದು ಇನ್ನೂ ಒಳಗಿದೆ. ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಸ್ಕೂಟರ್ ಓಡಿಸುತ್ತೇನೆ. ದೇವರ ಮುಂದೆ ಮಂಡಿಯೂರಿದಾಗ ಮಾತ್ರ ಚುಚ್ಚುತ್ತದೆ. ಅದಕ್ಕೆ ಒಂದು ಸಣ್ಣ ದಿಂಬು ಅಲ್ಲೇ ಮೂಲೆಯಲ್ಲಿಟ್ಟಿದ್ದೇನೆ.